ಐದು ಗಜದ ಕತ್ತಿ, ಮೂವತ್ತು ಗಜದ ಮಂತ್ರ: ಆನ್‌ಲೈನ್ ಆಟಗಳ ಹಳೇ ಜಗಳದ ಹಿನ್ನೆಲೆ

ಆನ್‌ಲೈನ್ ಆಟ ಆಡುವ ಯಾರನ್ನೇ ಕೇಳಿ, ಈ ಜಗಳದಲ್ಲಿ ಅವರದ್ದೊಂದು ಪಕ್ಷ ಇದ್ದೇ ಇರುತ್ತದೆ. ಕತ್ತಿ, ಕೊಡಲಿ, ಗದೆ ಹಿಡಿದು ಮೈಮೇಲೆ ಬೀಳುವವರು ‘ಮೆಲೀ’. ಬಿಲ್ಲು, ಬಂದೂಕು, ಮಂತ್ರ ನೆಚ್ಚಿಕೊಂಡು ದೂರದಿಂದ ಹೊಡೆಯುವವರು ‘ರೇಂಜ್ಡ್’. ಆಟದ ನಿಯಮ ತಿದ್ದುವ ಹೊಸ ಪ್ಯಾಚ್ ಬಂದಾಗಲೆಲ್ಲ ಒಂದು ಕಡೆಯವರು ನಮಗೆ ಅನ್ಯಾಯವಾಯಿತು ಅನ್ನುತ್ತಾರೆ, ಇನ್ನೊಂದು ಕಡೆಯವರು ಇಷ್ಟು ದಿನ ನಿಮ್ಮದೇ ನಡೆಯುತ್ತಿತ್ತಲ್ಲ ಅನ್ನುತ್ತಾರೆ. ಹೊಸದಾಗಿ ಆಡಲು ಬಂದವರಿಗೆ ಇದು ಡ್ಯಾಮೇಜ್ ಲೆಕ್ಕದ ತಕರಾರಿನಂತೆ ಕಾಣುತ್ತದೆ. ಬುಡ ಕೆದಕಿದರೆ ಸಿಗುವುದು ಅಂತರದ ತಕರಾರು, ಅದರ ಕೆಳಗೆ ಪಿಂಗ್‌ನ, ಅಂದರೆ ಸಂದೇಶ ಸರ್ವರ್‌ಗೆ ಹೋಗಿಬರಲು ಹಿಡಿಯುವ ಹೊತ್ತಿನ ತಕರಾರು.

ಮೊದಮೊದಲು ಅಂತರ ಅನ್ನುವುದೇ ಇರಲಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಬರೀ ಅಕ್ಷರಗಳ ಆಟ. ಅಲ್ಲಿ ಜಗತ್ತೆಂದರೆ ಒಂದಕ್ಕೊಂದು ಅಂಟಿಕೊಂಡ ಕೋಣೆಗಳು. ಇಬ್ಬರೂ ಒಂದೇ ಕೋಣೆಯಲ್ಲಿದ್ದರೆ ಹೊಡೆದಾಡಬಹುದು, ಅಷ್ಟೆ. 1993ರ ಡೂಮ್, 1996ರ ಕ್ವೇಕ್ ಬಂದ ಮೇಲೆ ಕಣ್ಣಿಗೆ ಕಾಣುವ ಅಂತರ ಹುಟ್ಟಿತು. ಅದರ ಜೊತೆಗೇ ಮುಷ್ಟಿ ಮತ್ತು ಕೊಡಲಿ ಗುಂಡು ಮುಗಿದವನ ಕೊನೆಯ ಆಸರೆಯಾದವು. 1999ರ ಕ್ವೇಕ್ 3 ಅರೀನಾದಲ್ಲಿ ಎದುರಾಳಿಯನ್ನು ಕೈಗೆ ತೊಡುವ ಗಾಂಟ್‌ಲೆಟ್‌ನಿಂದ ಮುಗಿಸಿದರೆ ‘ಹ್ಯುಮಿಲಿಯೇಶನ್’ (ಅವಮಾನ) ಎಂದು ಆಟವೇ ಕೂಗಿ ಹೇಳುತ್ತಿತ್ತು. ಹತ್ತಿರ ಹೋಗಿ ಹೊಡೆಯುವುದು ಆಗಲೇ ಅಷ್ಟು ಅಪರೂಪದ ಸಾಹಸವಾಗಿತ್ತು.

ಅದೇ 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಈ ಜಗಳಕ್ಕೆ ಒಂದು ಪದ ಕೊಟ್ಟಿತು: ಕೈಟಿಂಗ್. ಗಾಳಿಪಟ ಹಾರಿಸುವವನನ್ನು ನೆನೆಸಿಕೊಳ್ಳಿ. ಅವನು ಓಡುತ್ತಾನೆ, ಪಟ ಹಿಂದೆ ಬರುತ್ತದೆ, ದಾರದ ಉದ್ದ ಮಾತ್ರ ಕಮ್ಮಿಯಾಗುವುದಿಲ್ಲ. ಮಾಂತ್ರಿಕ ಮೊದಲು ರಾಕ್ಷಸನ ವೇಗ ಇಳಿಸುವ ಮಂತ್ರ ಹಾಕುತ್ತಾನೆ, ಒಂದಿಷ್ಟು ದೂರ ಓಡುತ್ತಾನೆ, ತಿರುಗಿ ಹೊಡೆಯುತ್ತಾನೆ, ಮತ್ತೆ ಓಡುತ್ತಾನೆ. ಕತ್ತಿಯವನಿಗೆ ಐದಾರು ಜನರ ಗುಂಪು ಬೇಕಾಗುತ್ತಿದ್ದ ಬೇಟೆಯನ್ನು ಅವನು ಒಬ್ಬನೇ ಮುಗಿಸುತ್ತಿದ್ದ. ಇದನ್ನು ತಡೆಯಲು ದೊಡ್ಡ ರಾಕ್ಷಸರಿಗೆ, ಓಡುವವನನ್ನು ತಮ್ಮ ಕಾಲಬುಡಕ್ಕೇ ಎಳೆದುಕೊಳ್ಳುವ ಶಕ್ತಿ ಕೊಡಲಾಯಿತು. ಮುಂದಿನ ಇಪ್ಪತ್ತು ವರ್ಷ ಹಲವು ಆಟಗಳಲ್ಲಿ ಬಂದ ಪರಿಹಾರಗಳ ಮೂಲರೂಪ ಇದೇ: ಅಂತರವನ್ನು ಒಂದೇ ಏಟಿಗೆ ಅಳಿಸಿಹಾಕು.

2004ರ ನವೆಂಬರ್‌ನಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಜಗಳದ ಎಲ್ಲ ಪಾಠಗಳೂ ಅಲ್ಲೇ ಅಂಕಿಗಳಲ್ಲಿ ಬರೆದಿಟ್ಟ ಹಾಗಿವೆ. ನಾನು ವರ್ಷಗಟ್ಟಲೆ ವಾರಿಯರ್ ಎಂಬ ಯೋಧನ ಪಾತ್ರ ಆಡಿದವನು, ಆ ಅಂಕಿಗಳು ಈಗಲೂ ಬಾಯಿಪಾಠ. ಕತ್ತಿಯ ಅಳವು 5 ಗಜ. ಮೇಜ್ ಎಂಬ ಮಾಂತ್ರಿಕನ ಮಂಜಿನ ಮಂತ್ರ ಫ್ರಾಸ್ಟ್‌ಬೋಲ್ಟ್ 30 ಗಜ. ವಾರಿಯರ್ ಎದುರಾಳಿಯತ್ತ ಒಮ್ಮೆಗೇ ನುಗ್ಗುವ ಚಾರ್ಜ್ 8ರಿಂದ 25 ಗಜದೊಳಗೆ. ಅದೂ ಆರಂಭದ ವರ್ಷಗಳಲ್ಲಿ ಕಾಳಗ ಶುರುವಾಗುವ ಮುಂಚೆ ಮಾತ್ರ.

ಆರ್ಗ್ರಿಮಾರ್ ಕೋಟೆಯ ಹೆಬ್ಬಾಗಿಲ ಹೊರಗಿನ ಕೆಂಪು ಮಣ್ಣಿನಲ್ಲಿ ಹಗಲೂ ರಾತ್ರಿಯೂ ಡ್ಯುಯೆಲ್ ನಡೆಯುತ್ತಿತ್ತು. ಮೇಜ್ ಎದುರು ನಿಂತ ವಾರಿಯರ್‌ನ ಕಥೆ ಹೆಚ್ಚುಕಡಿಮೆ ಒಂದೇ. ಚಾರ್ಜ್ ಮಾಡಿ ಮೈಮೇಲೆ ಬೀಳುತ್ತೀರಿ, ಒಂದೆರಡು ಏಟು ಕೊಡುತ್ತೀರಿ. ಅವನು ಫ್ರಾಸ್ಟ್ ನೋವಾ ಹಾಕುತ್ತಾನೆ, ನಿಮ್ಮ ಕಾಲು ಮಂಜಿನಲ್ಲಿ ಹೂತುಹೋಗುತ್ತದೆ. ಅವನು ನಡೆದು ಆಚೆ ಹೋಗಿ ತಿರುಗಿ ನಿಂತು ಫ್ರಾಸ್ಟ್‌ಬೋಲ್ಟ್ ಶುರುಮಾಡುತ್ತಾನೆ. ಮಂಜು ಬಿಟ್ಟಾಗ ನಿಮ್ಮ ನಡಿಗೆ ನಿಧಾನವಾಗಿರುತ್ತದೆ. ಇದ್ದಬದ್ದ ರೇಜ್ (ವಾರಿಯರ್‌ನ ಶಕ್ತಿ) ಖರ್ಚು ಮಾಡಿ ಮತ್ತೆ ಹತ್ತಿರ ಹಾರಿದಿರೋ, ಅವನು ಬ್ಲಿಂಕ್ ಮಾಡಿ 20 ಗಜ ಮುಂದೆ. ಕೈಯಲ್ಲಿ ಎಷ್ಟೇ ದೊಡ್ಡ ಕೊಡಲಿ ಇರಲಿ, ಬೀಸುವ ಅವಕಾಶವೇ ಸಿಗದಿದ್ದರೆ ಅದರ ಡ್ಯಾಮೇಜ್ ಸೊನ್ನೆ.

ಬಿಲ್ಲಿನವರಿಗೂ ಅವರದ್ದೇ ಸಂಕಟವಿತ್ತು ಎನ್ನುವುದನ್ನು ಮರೆಯಬಾರದು. ಹಂಟರ್‌ನ ಬಾಣ 8 ಗಜಕ್ಕಿಂತ ಹತ್ತಿರದವರಿಗೆ ಹಾರುತ್ತಿರಲಿಲ್ಲ, ಅವನ ಕೈಕೊಡಲಿ 5 ಗಜದಾಚೆ ತಾಗುತ್ತಿರಲಿಲ್ಲ. ನಡುವಿನ 3 ಗಜದಲ್ಲಿ ಎದುರಾಳಿ ನಿಂತರೆ ಹಂಟರ್ ಬರಿಗೈ. ಆಟಗಾರರು ಅದಕ್ಕೆ ‘ಡೆಡ್ ಜೋನ್’ ಅಂದರು. ಜಾಣ ಮೇಜ್‌ಗಳು ಸರಿಯಾಗಿ ಅಲ್ಲೇ ನಿಂತು ಅವನನ್ನು ಸುಡುತ್ತಿದ್ದರು. 2007ರ ನವೆಂಬರ್‌ನ 2.3 ಪ್ಯಾಚ್ ಬಾಣದ ಕನಿಷ್ಠ ದೂರವನ್ನು 5 ಗಜಕ್ಕೆ ಇಳಿಸಿ ಆ ಕಂದಕ ಮುಚ್ಚಿತು. 2012ರಲ್ಲಿ ಆ ಕನಿಷ್ಠ ದೂರವೂ ಹೋಯಿತು.

ದೊಡ್ಡ ಗುಂಪು ಕಟ್ಟಿ ದೊಡ್ಡ ರಾಕ್ಷಸರನ್ನು ಎದುರಿಸುವ ರೇಡ್‌ಗಳಲ್ಲಿ ಕಥೆ ಇನ್ನೂ ಕಠೋರ. ಒನಿಕ್ಸಿಯಾ ಎಂಬ ಡ್ರ್ಯಾಗನ್ ಜೀವ ಶೇ 65ಕ್ಕೆ ಇಳಿದಾಗ ರೆಕ್ಕೆ ಬಿಚ್ಚಿ ಮೇಲೇಳುತ್ತಿತ್ತು, ಶೇ 40 ಆಗುವವರೆಗೆ ಕೆಳಗಿಳಿಯುತ್ತಿರಲಿಲ್ಲ. ಅಷ್ಟು ಹೊತ್ತೂ ಹೊಡೆಯುವವರು ಬಿಲ್ಲಿನವರು, ಮಂತ್ರದವರು. ಕತ್ತಿಯವರ ಪಾಲಿಗೆ ಗುಹೆಯಲ್ಲಿ ಓಡಾಡುವ ಮರಿಗಳು. ಗುಂಪು ಕಟ್ಟುವಾಗ ‘ಮೆಲೀ ಸಾಕು, ರೇಂಜ್ಡ್ ಇದ್ದರೆ ಬನ್ನಿ’ ಎಂದು ಕೇಳಿಸಿಕೊಳ್ಳದ ವಾರಿಯರ್, ರೋಗ್ (ಚೂರಿಯ ಪಾತ್ರ) ಇರಲಾರರು. ಚೆನ್ನಾಗಿ ಆಡುವವನಿಗೂ ಹೊರಗೆ ನಿಂತು ಕಾಯುವ ಪಾಡು.

ಇನ್ನು ಪಿಂಗ್. ಆ ಆಟದಲ್ಲಿ ಓಟದ ವೇಗ ಸೆಕೆಂಡಿಗೆ 7 ಗಜ. ಬೆಂಗಳೂರಿನ ಮನೆಯಿಂದ ಹೊರದೇಶದ ಸರ್ವರ್‌ಗೆ ಹೋಗಿಬರಲು 250 ಮಿಲಿಸೆಕೆಂಡ್ ಹಿಡಿಯುತ್ತದೆ ಅಂದುಕೊಳ್ಳಿ. ನಮ್ಮಲ್ಲಿ ಇದು ಮಾಮೂಲಿ ಲೆಕ್ಕವಾಗಿತ್ತು. ಅಷ್ಟರಲ್ಲಿ ಓಡುತ್ತಿರುವವನು ಒಂದೂಮುಕ್ಕಾಲು ಗಜ ಮುಂದೆ ಹೋಗಿರುತ್ತಾನೆ. 30 ಗಜದ ಮಂತ್ರಕ್ಕೆ ಇದು ಶೇ 6ರಷ್ಟು ವ್ಯತ್ಯಾಸವೂ ಅಲ್ಲ, ಗೊತ್ತೇ ಆಗುವುದಿಲ್ಲ. 5 ಗಜದ ಕತ್ತಿಗೆ ಅದೇ ಒಂದೂಮುಕ್ಕಾಲು ಗಜ ಶೇ 35. ಪರದೆಯ ಮೇಲೆ ಎದುರಾಳಿಯ ಬೆನ್ನು ನಿಮ್ಮ ಮೂಗಿಗೆ ತಾಗುವಂತಿದೆ, ಆದರೂ ಕೆಂಪು ಅಕ್ಷರಗಳಲ್ಲಿ ‘ನೀನು ತುಂಬ ದೂರ ಇದ್ದೀಯ’ ಎಂಬ ಸಂದೇಶ. ಒಂದೇ ಲ್ಯಾಗ್ (ನೆಟ್‌ನ ವಿಳಂಬ), ಇಬ್ಬರಿಗೂ ಸಮಾನ ಎಂದು ವಾದಿಸುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು. ಬೆನ್ನಟ್ಟುವವನು ಯಾವಾಗಲೂ ಹಳೆಯ ಜಾಗವನ್ನೇ ಬೆನ್ನಟ್ಟುತ್ತಿರುತ್ತಾನೆ.

ಆಟ ಕಟ್ಟಿದವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಇಬ್ಬರೂ ಚಲಿಸುತ್ತಿದ್ದರೆ ಕತ್ತಿಯ ಅಳವಿಗೆ ಎರಡೂವರೆ ಗಜಕ್ಕಿಂತ ತುಸು ಹೆಚ್ಚನ್ನು ಸೇರಿಸುವ ‘ಲೀವೇ’ ಎಂಬ ವಿನಾಯಿತಿ ಆರಂಭದ ವರ್ಷಗಳಲ್ಲೇ ಇತ್ತು. ನಿಧಾನ ನೆಟ್‌ನ ಕಾಲಕ್ಕೆ ಅದು ದೊಡ್ಡ ಉಪಕಾರ. 2019ರಲ್ಲಿ ಹಳೆಯ ಆಟವನ್ನು ಕ್ಲಾಸಿಕ್ ಹೆಸರಲ್ಲಿ ಮರಳಿ ತಂದಾಗ ಲೀವೇ ಕೂಡ ಜೊತೆಗೆ ಬಂತು. ಈಗ ನೆಟ್ ಚುರುಕಾಗಿತ್ತು. ಕತ್ತಿ ಗಾಳಿಯಲ್ಲಿ ಬೀಸಿದ್ದು ಮಾರು ದೂರದಲ್ಲಿದ್ದವರಿಗೆ ತಾಗುವುದು ಕಣ್ಣಿಗೆ ಕಾಣತೊಡಗಿತು, ದೂರು ಕೊಡುವ ಸರದಿ ಮೇಜ್‌ಗಳದ್ದಾಯಿತು.

ತಕ್ಕಡಿ ಅದಕ್ಕೂ ಮೊದಲೇ ಒಮ್ಮೆ ಹೀಗೆ ಮಗುಚಿತ್ತು. 2008ರ ನವೆಂಬರ್‌ನಲ್ಲಿ ಬಂದ ಡೆತ್ ನೈಟ್ ಎಂಬ ಮೆಲೀ ಪಾತ್ರದ ಕೈಯಲ್ಲಿ ಡೆತ್ ಗ್ರಿಪ್ ಇತ್ತು: 30 ಗಜ ದೂರದವನನ್ನು ಎಳೆದು ಎದುರಿಗೆ ತಂದು ನಿಲ್ಲಿಸುವ ವಿದ್ಯೆ. ಅದೇ ಹೊತ್ತಿಗೆ ಕಾಳಗದ ಮಧ್ಯೆಯೂ ಚಾರ್ಜ್ ಮಾಡುವ ದಾರಿ ವಾರಿಯರ್‌ಗೆ ಸಿಕ್ಕಿತು. ಆಟಗಾರರು ತಮ್ಮತಮ್ಮಲ್ಲೇ ಸೆಣಸುವ ಅರೀನಾದಲ್ಲಿ ಇಬ್ಬರು ಮೆಲೀಗಳು ಒಬ್ಬ ಮಂತ್ರದವನ ಬೆನ್ನು ಬಿದ್ದರೆ ಅವನಿಗೆ ಒಂದು ಮಂತ್ರ ಪೂರ್ತಿ ಹೇಳಲೂ ಪುರುಸೊತ್ತಿರಲಿಲ್ಲ. ಅದಕ್ಕೆ ‘ಟ್ರೈನ್’ ಮಾಡುವುದು ಅಂತಲೇ ಹೆಸರು. ಮೇಜ್ ಗೆಳೆಯರು ಆಗ ಪಟ್ಟ ಪಾಡು ನೋಡಿದ್ದೇನೆ. ನಮ್ಮ ಹಳೆಯ ಪಾಡಿಗಿಂತ ಅದೇನೂ ಕಮ್ಮಿಯಿರಲಿಲ್ಲ. ಒಂದು ಕಡೆಗೆ ಅಂತರ ಅಳಿಸುವ ಉಪಾಯ ಕೊಟ್ಟರೆ ಇನ್ನೊಂದು ಕಡೆಗೆ ತಪ್ಪಿಸಿಕೊಳ್ಳುವ ಉಪಾಯ ಕೊಡಬೇಕಾಗುತ್ತದೆ, ಅದನ್ನು ಮೀರಲು ಮತ್ತೊಂದು. ಹೀಗೆ ಪ್ರತಿಯೊಬ್ಬರ ಕೈಯಲ್ಲೂ ಗುಂಡಿಗಳು ಹೆಚ್ಚುತ್ತ ಹೋದವು. 2016ರಲ್ಲಿ ಹಂಟರ್‌ಗಳಲ್ಲೇ ಸರ್ವೈವಲ್ ಎಂಬ ಬಗೆಯವನ ಬಿಲ್ಲನ್ನು ತೆಗೆದು ಅವನನ್ನೇ ಈಟಿ ಹಿಡಿದ ಮೆಲೀ ಮಾಡಲಾಯಿತು.

ಬಂದೂಕಿನ ಆಟಗಳು ಬೇರೆ ದಾರಿ ಹಿಡಿದವು. ನೀವು ಗುಂಡಿ ಒತ್ತಿದ ಕ್ಷಣದಲ್ಲಿ ನಿಮ್ಮ ಪರದೆಯಲ್ಲಿ ಎದುರಾಳಿ ಎಲ್ಲಿದ್ದನೋ ಅಲ್ಲಿಗೆ ಸರ್ವರ್ ಅವನನ್ನು ಹಿಂದೆ ಸರಿಸಿ ಗುಂಡು ತಾಗಿತೇ ಎಂದು ನೋಡುತ್ತದೆ. ಹಾಫ್-ಲೈಫ್, ಕೌಂಟರ್-ಸ್ಟ್ರೈಕ್ ಆಟಗಳ ಈ ವಿಧಾನವನ್ನು ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ಬರಹವಾಗಿ ವಿವರಿಸಿದರು. ಇದರ ಪೂರ್ತಿ ಲಾಭ ಗುರಿಯಿಡುವವನಿಗೆ. ಚಾಕುವಿನ ಕೈಗೆ ಇದೇ ವಿದ್ಯೆ ಸಿಕ್ಕಾಗ ವಿಚಿತ್ರಗಳು ನಡೆದವು: 2007ರ ಟೀಮ್ ಫೋರ್ಟ್ರೆಸ್ 2ರಲ್ಲಿ ಎದುರಿಗೆ ಮುಖಮಾಡಿ ನಿಂತವನೂ ‘ಬೆನ್ನಿಗೆ’ ಚೂರಿ ತಿಂದು ಸಾಯುತ್ತಿದ್ದ.

2006ರ ಸುಮಾರಿಗೆ ನಮ್ಮ ಬಡಾವಣೆಯ ಸೈಬರ್ ಕೆಫೆಯಲ್ಲಿ ಹತ್ತು ಕಂಪ್ಯೂಟರುಗಳು ಒಂದೇ ಸ್ವಿಚ್ಚಿಗೆ ಸೇರಿದ್ದವು. ಕೌಂಟರ್-ಸ್ಟ್ರೈಕ್‌ನಲ್ಲಿ ಪಿಂಗ್ 5ಕ್ಕಿಂತ ಕೆಳಗೆ. ಅಲ್ಲಿ ಚಾಕು ಹಿಡಿದವನಿಗೆ ನಿಜವಾದ ಮರ್ಯಾದೆ ಇತ್ತು, ಯಾಕೆಂದರೆ ಕಂಡ ಜಾಗದಲ್ಲೇ ಎದುರಾಳಿ ಇರುತ್ತಿದ್ದ. ಸಾಲಿನ ಕೊನೆಯ ಸೀಟಿನಿಂದ ‘ಲೋ, ಹಿಂದೆ ನೋಡೋ!’ ಎಂಬ ಕೂಗು ಏಳುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಅದೇ ಆಟವನ್ನು ಮನೆಯ ನೆಟ್‌ನಲ್ಲಿ ಆಡಿದ ದಿನ ನನ್ನ ಚಾಕು ಮೂಲೆ ಸೇರಿತು.

ನಂತರದ್ದನ್ನು ಬೇಗ ಹೇಳಿಬಿಡಬಹುದು. ಡೋಟಾ 2ರಲ್ಲಿ ತಗ್ಗಿನಿಂದ ದಿಬ್ಬದ ಮೇಲೆ ಬಿಟ್ಟ ಬಾಣ ನಾಲ್ಕರಲ್ಲೊಂದು ಸಲ ಗುರಿ ತಪ್ಪುತ್ತದೆ. ಕತ್ತಿಗೆ ಆ ತೊಡಕಿಲ್ಲ. ನನ್ನ ಪ್ರಕಾರ ಇಡೀ ಚರಿತ್ರೆಯಲ್ಲೇ ಚೆಂದದ ಪರಿಹಾರ ಇದು, ಯಾಕೆಂದರೆ ನೆಲವೇ ನ್ಯಾಯ ಹೇಳುತ್ತದೆ, ಹೊಸ ಗುಂಡಿ ಬೇಕಿಲ್ಲ. ಓವರ್‌ವಾಚ್‌ನಲ್ಲಿ 2018ರ ಮಾರ್ಚ್‌ನಲ್ಲಿ ಬ್ರಿಗಿಟ್ಟೆ ಎಂಬ ಪಾತ್ರ ಬಂದ ಮೇಲೆ ಮೂವರು ಟ್ಯಾಂಕ್ (ಏಟು ತಡೆಯುವವರು), ಮೂವರು ಸಪೋರ್ಟ್ (ನೆರವಿನವರು) ಗುಂಪಾಗಿ ಮೈಮೇಲೆ ನುಗ್ಗುವ ‘ಗೋಟ್ಸ್’ ತಂತ್ರ ಬಂದೂಕಿನವರನ್ನು ದೊಡ್ಡ ಪಂದ್ಯಗಳಿಂದಲೇ ಹೊರಹಾಕಿತು. 2019ರಲ್ಲಿ ಪ್ರತಿ ತಂಡದಲ್ಲಿ ಟ್ಯಾಂಕ್, ಸಪೋರ್ಟ್, ಹೊಡೆಯುವವರು ಇಬ್ಬಿಬ್ಬರೇ ಎಂಬ ನಿಯಮ ತಂದು ಅದನ್ನು ನಿಲ್ಲಿಸಬೇಕಾಯಿತು. 2018ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್‌ಗೆ ಬಂದ ಇನ್ಫಿನಿಟಿ ಬ್ಲೇಡ್ ಎಂಬ ಕತ್ತಿ ಮೂರೇ ದಿನ ಉಳಿಯಿತು.

ನಮ್ಮಲ್ಲಿ ಈಗ ಹೆಚ್ಚು ಜನ ಆಡುವುದು ಫೋನಿನಲ್ಲಿ. 2021ರ ಜುಲೈನಲ್ಲಿ ಬಂದ ಬಂದೂಕಿನ ಆಟ ಬಿಜಿಎಂಐನಲ್ಲಿ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಮಚ್ಚು, ಕುಡುಗೋಲು ಎಲ್ಲ ನೆಲದ ಮೇಲೆ ಬಿದ್ದಿರುತ್ತವೆ, ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಎಲ್ಲರೂ ಹುಡುಕುವ ಒಂದೇ ಮೆಲೀ ಆಯುಧ ಅಡುಗೆಮನೆಯ ಪ್ಯಾನ್, ಅದೂ ಹಿಂಬದಿಗೆ ನೇತುಹಾಕಿಕೊಂಡು ಗುಂಡು ತಡೆಯಲು. ಮೊನ್ನೆ ಅಕ್ಕನ ಮಗ ಗುಂಡು ಮುಗಿದು ಬಾಗಿಲ ಮರೆಯಲ್ಲಿ ಪ್ಯಾನ್ ಹಿಡಿದು ಕೂತಿದ್ದ. ಮೂಲೆಯಲ್ಲಿ ಪಿಂಗ್ 38 ತೋರಿಸುತ್ತಿತ್ತು. ಒಳಗೆ ಬಂದವನಿಗೆ ಒಂದೇ ಏಟು, ಬಿದ್ದ. ‘ಮಾಮ, ನೋಡಿದ್ಯಾ!’ ಎಂದು ಹುಡುಗ ಸೋಫಾ ಮೇಲೆ ಎದ್ದು ನಿಂತ. ಮುಂದಿನ ಪಂದ್ಯದಲ್ಲಿ ಇಳಿದ ಕೂಡಲೇ ಅವನು ಹುಡುಕಿದ್ದು ಬಂದೂಕನ್ನೇ. ಪ್ಯಾನ್ ಮತ್ತೆ ಹಿಂಬದಿಗೆ ಹೋಯಿತು.