ಮಳೆಯ ಹುಳಿ ಇಳಿಯಿತು, ಮಣ್ಣಿನದು ಇಳಿಯಲಿಲ್ಲ

ಮಲೆನಾಡಿನಲ್ಲಿ ಅಡಿಕೆ ತೋಟ ಇರುವವರಿಗೆ ಗೊತ್ತು, ಜೋರು ಮಳೆಗೆ ಮಣ್ಣು ಹುಳಿಯಾಗುತ್ತದೆ, ಆಗಾಗ ಸುಣ್ಣ ಹಾಕಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ಕಾಡಿಗೇ ಹೀಗೆ ಮಾಡಿದರು. 1999ರ ಅಕ್ಟೋಬರ್‌ನಲ್ಲಿ, ಹಬ್ಬರ್ಡ್ ಬ್ರೂಕ್ ಎಂಬ ಸಂಶೋಧನಾ ಕಾಡಿನ ಸುಮಾರು 12 ಹೆಕ್ಟೇರ್ ಮೇಲೆ ಹೆಲಿಕಾಪ್ಟರ್‌ನಿಂದ ವೊಲಾಸ್ಟೊನೈಟ್ ಗುಳಿಗೆ ಸುರಿದರು. ಅದು ಸುಣ್ಣದ ಹಾಗೆಯೇ ಕ್ಯಾಲ್ಸಿಯಂ ಕೊಡುವ ಖನಿಜ.

ಅಲ್ಲಿನ ಮಣ್ಣಿಗೆ ಅಂಥದ್ದೇನಾಗಿತ್ತು? 1963ರಲ್ಲಿ ವಿಜ್ಞಾನಿ ಜೀನ್ ಲೈಕೆನ್ಸ್ ಮತ್ತು ಜೊತೆಗಾರರು ಅದೇ ಕಾಡಿನ ಮಳೆನೀರು ಹಿಡಿದು ಅಳೆದಾಗ ಹುಳಿಯ ಅಳತೆಯಾದ ಪಿಎಚ್ 4ರ ಆಸುಪಾಸು ಬಂತು. ಹೊಗೆ ಬೆರೆಯದ ಮಳೆಗೆ ಅದು ಸುಮಾರು 5.6 ಇರುತ್ತದೆ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಜಾಸ್ತಿ! ದೂರದಲ್ಲೆಲ್ಲೋ ಕಲ್ಲಿದ್ದಲು ಸುಟ್ಟ ಹೊಗೆಯ ಗಂಧಕ ಇಲ್ಲಿ ಆಮ್ಲವಾಗಿ ಬೀಳುತ್ತಿತ್ತು. ಈ ಆಮ್ಲ ಮಣ್ಣಿನ ಕಣಗಳು ಹಿಡಿದಿಟ್ಟುಕೊಂಡ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಬಿಡಿಸಿ ಹೊಳೆಗೆ ಕಳಿಸುತ್ತದೆ. ಆಮೇಲೆ ಖನಿಜಗಳಲ್ಲಿ ಸುಮ್ನೆ ಕೂತಿದ್ದ ಅಲ್ಯೂಮಿನಿಯಂ ಕರಗಿ ಹೊರಬಂದು ಎಳೆ ಬೇರುಗಳನ್ನು ಸಾಯಿಸುತ್ತದೆ.

ಎಳೆ ಬೇರು ಹೋಯಿತು ಅಂದರೆ ಅದರ ಜೊತೆ ಬಾಳುವ ಶಿಲೀಂಧ್ರಕ್ಕೂ ಮನೆ ಹೋಯಿತು. ಸ್ಪ್ರೂಸ್ ಮರದ ಬುಡದಲ್ಲಿ ತರಗೆಲೆ ಸರಿಸಿ ಒಂದು ಎಳೆ ಬೇರನ್ನು ಬೆರಳ ಮೇಲೆ ಇಟ್ಟುಕೊಂಡು ನೋಡಿದರೆ, ತುದಿಗಳು ಗಿಡ್ಡಗೆ ದಪ್ಪಗೆ, ಕಾಲುಚೀಲ ಹಾಕಿಕೊಂಡ ಹಾಗೆ ಕಾಣುತ್ತವೆ. ಆ ಚೀಲವೇ ಶಿಲೀಂಧ್ರ. ಅದರ ಎಳೆಗಳು ಕೂದಲಿಗಿಂತ ತೆಳ್ಳಗೆ ಹರಡಿ, ಬೇರು ನುಗ್ಗಲಾರದ ಸಂದಿಗಳಿಂದ ನೀರು, ರಂಜಕ ತಂದುಕೊಡುತ್ತವೆ. ಮರ ಬದಲಿಗೆ ಸಕ್ಕರೆ ಕೊಡುತ್ತದೆ. ಇದೇ ಹಬ್ಬರ್ಡ್ ಬ್ರೂಕ್‌ನ ಅಧ್ಯಯನವೊಂದು 2002ರಲ್ಲಿ ಇನ್ನೂ ದೊಡ್ಡ ವಿಷಯ ತೋರಿಸಿತು: ಈ ಶಿಲೀಂಧ್ರಗಳು ಅಪಟೈಟ್ ಎಂಬ ಖನಿಜವನ್ನೇ ಕರಗಿಸಿ ಮರಕ್ಕೆ ಕ್ಯಾಲ್ಸಿಯಂ ಮುಟ್ಟಿಸುತ್ತಿರಬಹುದು. ಮಣ್ಣು ಬರಿದಾದ ಕಡೆ ಇಷ್ಟು ಸಣ್ಣ ಜೀವಿಯ ಮೇಲೆ ಮರ ಎಷ್ಟು ನಂಬಿಕೊಂಡಿದೆ, ನೋಡಿ.

ಸಕ್ಕರೆ ಮೇಪಲ್‌ ಮರದ್ದು ಬೇರೆ ಜಾತಿಯ ಶಿಲೀಂಧ್ರ. ನಮ್ಮ ರೈತರು 'ವ್ಯಾಮ್' ಅನ್ನುತ್ತಾರಲ್ವಾ, ಆ ಗುಂಪಿನದು. ಬೇರಿನ ಜೀವಕೋಶದೊಳಗೇ ಇರುತ್ತದೆ, ಬೇರಿಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು. ಹಾಗೆ ಹುಡುಕಿದಾಗ, ಗುಳಿಗೆ ಬಿದ್ದ ಕಡೆಯ ಮೇಪಲ್ ಸಸಿಗಳ ಬೇರಿನ ಉದ್ದದಲ್ಲಿ ನೂರಕ್ಕೆ ಸುಮಾರು 22 ಭಾಗ ಶಿಲೀಂಧ್ರ ಸಿಕ್ಕಿತು. ಪಕ್ಕದ, ಏನೂ ಹಾಕದ ಕಾಡಿನಲ್ಲಿ ಬರೀ 4 ಚಿಲ್ಲರೆ. ಸಸಿಗಳೂ ಜಾಸ್ತಿ ಬದುಕಿದವು. ನನಗೆ ಈ ಎರಡು ಅಂಕಿ ಮರೆಯಲು ಆಗುವುದಿಲ್ಲ.

1990ರಲ್ಲಿ ಅಮೆರಿಕ ತನ್ನ ವಾಯು ಕಾನೂನನ್ನು ಬಿಗಿ ಮಾಡಿದ ಮೇಲೆ ಮಳೆಯ ಹುಳಿ ಬಹಳ ಇಳಿದಿದೆ. ಹೊಳೆಗೆ ಹೋದ ಕ್ಯಾಲ್ಸಿಯಂ ಮಾತ್ರ ವಾಪಸ್ ಬರಲಿಲ್ಲ. ಬಂಡೆ ಸವೆದು ಅದು ತುಂಬಬೇಕು, ಅದು ನಿಧಾನದ ಕೆಲಸ.

ಹಾಗಂತ ಎಲ್ಲಾ ಕಡೆ ಗುಳಿಗೆ ಸುರಿಯಲೂ ಆಗುವುದಿಲ್ಲ. ಹಬ್ಬರ್ಡ್ ಬ್ರೂಕ್‌ನಲ್ಲೇ ಕೆಲವು ವರ್ಷಗಳ ಮೇಲೆ ನೋಡಿದಾಗ ತರಗೆಲೆಯ ಕೆಳಗಿನ ಕಪ್ಪು ಪದರ ತೆಳ್ಳಗಾಗಿತ್ತು. ಹುಳಿ ಇಳಿದು ಕೊಳೆಯುವ ಕೆಲಸ ಚುರುಕಾಗಿರಬೇಕು. ಆ ಪದರದಲ್ಲಿದ್ದ ಇಂಗಾಲವೂ ಅದರ ಜೊತೆಗೇ ಹೋಯಿತು.