ಉಳುಕಿದ ಕಾಲು: ಎಲ್ಲಿ ಒತ್ತಬೇಕು, ಯಾಕೆ ಅಲ್ಲೇ?

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ವಾಲಿಬಾಲ್ ಆಡುವಾಗ ತಮ್ಮನ ಬಲಗಾಲು ಉಳುಕಿತು. ಹಾರಿ ಇಳಿಯುವಾಗ ಪಾದ ಒಳಕ್ಕೆ ಮಡಚಿತ್ತು. ಅರ್ಧ ಗಂಟೆಯಲ್ಲಿ ಹೊರಗಡೆ ಬಾವು. ನಾನು ಒತ್ತಿ ನೋಡಿದೆ, ಅವನು ಚೀರಿದ. 'ಎಲುಬು ಮುರಿದಿದೆ' ಅಂದುಬಿಟ್ಟೆ. ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ. ನಾನು ಒತ್ತಿದ ಜಾಗವೇ ತಪ್ಪು.

ಎಕ್ಸ್-ರೇ ಬೇಕೋ ಬೇಡವೋ ಎಂದು ನಿರ್ಧರಿಸಲು ಒಟ್ಟಾವಾ ಆಂಕಲ್ ರೂಲ್ಸ್ ಇದೆ. ಕೆನಡಾದ ವೈದ್ಯ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ್ದು. ಕಾಲಗಂಟಿನ ಸುತ್ತ ನೋವಿದ್ದು, ಹೊರಗಿನ ಅಥವಾ ಒಳಗಿನ ಗಂಟಿನ ತುದಿಯಲ್ಲಿ, ಇಲ್ಲವೇ ಆ ತುದಿಯಿಂದ ಮೇಲಕ್ಕೆ 6 ಸೆಂ.ಮೀ.ವರೆಗಿನ ಹಿಂದಿನ ಅಂಚಿನಲ್ಲಿ ಎಲುಬು ಒತ್ತಿದರೆ ನೋವಾದರೆ ಎಕ್ಸ್-ರೇ ಬೇಕು.

ಹಿಂದಿನ ಅಂಚೇ ಯಾಕೆ? ನನಗೆ ಅರ್ಥವಾಗದೆ ಉಳಿದಿದ್ದು ಇದೇ. ನಿಮ್ಮ ಕಾಲನ್ನೇ ಮುಟ್ಟಿ ನೋಡಿ. ಹೊರಗಂಟಿನ ಮೇಲೆ ಬೆರಳಿಟ್ಟು ಸ್ವಲ್ಪ ಮುಂದಕ್ಕೆ, ಕೆಳಕ್ಕೆ ಜಾರಿಸಿ. ಮೆತ್ತಗಿನ ಗುಂಡಿ ಸಿಗುತ್ತದೆ. ಹೊರಗಂಟನ್ನು ಪಾದದ ಎಲುಬಿಗೆ ಕಟ್ಟಿಹಿಡಿಯುವ ಪಟ್ಟಿ, ಅಂದರೆ ಎ.ಟಿ.ಎಫ್.ಎಲ್. ಎಂಬ ಲಿಗಮೆಂಟ್ ಇರುವುದು ಅಲ್ಲೇ. ಪಾದ ಒಳಕ್ಕೆ ಮಡಚಿದಾಗ ಸಾಮಾನ್ಯವಾಗಿ ಮೊದಲು ಹರಿಯುವುದೂ ಅದೇ. ಹಾಗಾಗಿ ಬರೀ ಉಳುಕಿದ್ದರೂ ಅಲ್ಲಿ ಒತ್ತಿದರೆ ಜೀವ ಹೋಗುವಷ್ಟು ನೋವು. ಆ ನೋವಿನಿಂದ ಎಲುಬಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಹಿಂದಿನ ಅಂಚಿನಲ್ಲಿ ಆ ಲಿಗಮೆಂಟ್ ಇಲ್ಲ. ಅಲ್ಲಿ ಎಲುಬೇ ನೋಯುತ್ತಿದ್ದರೆ ಅನುಮಾನ ಪಡಲೇಬೇಕು. ಆದರೆ ಹಿಂದಿನ ಸಂದಿಯಲ್ಲಿ ಸ್ನಾಯುರಜ್ಜುಗಳು ಹಾದುಹೋಗುತ್ತವೆ. ಸಂದಿಯೊಳಗೆ ಬೆರಳು ತೂರಿಸಬೇಡಿ, ಎಲುಬಿನ ಅಂಚಿನ ಮೇಲೇ ಇಡಿ. ಸ್ಕೇಲ್ ಹಿಡಿದು 6 ಸೆಂ.ಮೀ. ಅಳೆಯಿರಿ. ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಮೇಲಕ್ಕೆ ಹೋಗುತ್ತದೆ, ಅಲ್ವಾ?

ಇನ್ನೊಂದು, ನಾಲ್ಕು ಹೆಜ್ಜೆ. ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿನಲ್ಲಿ, ಎರಡೂ ಸಲ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್-ರೇ. ಕುಂಟುತ್ತಾ ನಡೆದರೂ ನಡೆದ ಹಾಗೇ ಲೆಕ್ಕ. ತಮ್ಮ ಕುಂಟುತ್ತಲೇ ರಸ್ತೆವರೆಗೆ ಬಂದಿದ್ದ. ನಾನು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನಡುಪಾದದಲ್ಲಿ ನೋವಿದ್ದರೆ ಕಿರುಬೆರಳಿನ ಸಾಲಿನ ಎಲುಬಿನ ಬುಡ, ಒಳಬದಿಯ ನೆವಿಕ್ಯುಲರ್ ಎಲುಬು ಇವೆರಡನ್ನೂ ಒತ್ತಿ ನೋಡಬೇಕು, ಯಾವುದಾದರೂ ನೋವಾದರೆ ಎಕ್ಸ್-ರೇ.

ಮೊದಲ ದಿನಗಳಲ್ಲಿ ಬಿಗಿ ಪಟ್ಟಿ, ಕಾಲು ಎತ್ತರಕ್ಕೆ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದು, ಎಳೆಯುವುದು ಬೇಡವೇ ಬೇಡ. ನೋವು ತಡೆದುಕೊಳ್ಳಲು ಆಗುವಷ್ಟರ ಮಟ್ಟಿಗೆ ಬೇಗ ನಡೆಯಲು ಶುರು ಮಾಡಬೇಕು.

ಬಾವು ಇಳಿದ ಮೇಲೆ ಸುಮಾರು ಜನ ವ್ಯಾಯಾಮ ಬಿಟ್ಟುಬಿಡುತ್ತಾರೆ. ಪಾದ ಎತ್ತ ವಾಲಿದೆ ಎಂದು ಮೆದುಳಿಗೆ ಹೇಳುವ ನರತುದಿಗಳು ಲಿಗಮೆಂಟಿನಲ್ಲೂ ಇವೆ. ಅದು ಹರಿದಾಗ ಆ ಸುದ್ದಿಯೂ ತಡವಾಗಬಹುದು, ಕಾಲು ಮತ್ತೆ ಉಳುಕಬಹುದು. ಅದಕ್ಕೇ ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ. ತಮ್ಮ ಈಗ ಗೋಡೆ ಪಕ್ಕ ಕಣ್ಣು ಮುಚ್ಚಿ ಬಲಗಾಲಿನಲ್ಲಿ ನಿಲ್ಲುತ್ತಾನೆ. ಹತ್ತು ಎಣಿಸುವುದರೊಳಗೆ ಪಾದ ನಡುಗುತ್ತದೆ. ಎಡಗಾಲಿನಲ್ಲಿ ಆರಾಮಾಗಿ ಮೂವತ್ತರವರೆಗೆ. ಬಲಗಾಲೂ ಮೂವತ್ತು ಮುಟ್ಟಿದ ಮೇಲೆ ಮರಳಿನ ಮೇಲೆ ನಿಲ್ಲಿಸುತ್ತೇನೆ, ಆಮೇಲೆ ಹಾರುವುದು.