ಸತ್ತ ಕರುವಿಗೆ ದುಡ್ಡು ಕೊಡ್ತಾರಲ್ಲ, ಮತ್ಯಾಕೆ ತೋಳದ ಮೇಲೆ ಇಷ್ಟು ಸಿಟ್ಟು?

ಓದುಗರ ಪ್ರಶ್ನೆ: ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಸರ್ಕಾರವೇ ತೋಳಗಳನ್ನು ತಂದು ಕಾಡಿಗೆ ಬಿಟ್ಟಿದೆ. ತೋಳ ಒಂದು ದನ ಕೊಂದರೆ 15,000 ಡಾಲರ್ ತನಕ ಪರಿಹಾರವೂ ಇದೆ. ಆದರೂ ಅಲ್ಲಿನ ದನ ಸಾಕುವವರು ಯಾಕೆ ಇಷ್ಟೊಂದು ವಿರೋಧ ಮಾಡುತ್ತಾರೆ?

ಉತ್ತರ: ಈ ವಿಷಯ ಬಂದಾಗೆಲ್ಲ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳೇ ಕೇಳುತ್ತಾರೆ. 15,000 ಡಾಲರ್ ಅಂದರೆ ನಮ್ಮ ದುಡ್ಡಲ್ಲಿ ಹನ್ನೆರಡು ಲಕ್ಷಕ್ಕೂ ಜಾಸ್ತಿ. ಆ ಅಂಕಿ ಮೊದಲ ಸಲ ಓದಿದಾಗ, ಇನ್ನೇನು ಬೇಕು ಇವರಿಗೆ ಅಂತ ನನಗೂ ಅನಿಸಿತ್ತು. ಆಮೇಲೆ ಒಂದೊಂದೇ ವಿವರ ಓದುತ್ತಾ ಹೋದ ಹಾಗೆ ಅಭಿಪ್ರಾಯ ಬದಲಾಯಿತು. 15,000 ಅನ್ನುವುದು ಮೇಲಿನ ಮಿತಿ ಅಷ್ಟೇ. ಸಾಮಾನ್ಯ ಕರುವಿಗೆ ಸಿಗುವುದು ಅದರ ಮಾರುಕಟ್ಟೆ ಬೆಲೆ. ಅದೂ ಹೆಣ ಸಿಕ್ಕಿದರೆ. ನಷ್ಟವೇನೋ ಹೆಣ ಸಿಗದ ಕಡೆಯೇ ಜಾಸ್ತಿ.

ಹೆಣ ಸಿಕ್ಕಾಗ ಏನಾಗುತ್ತದೆ ಅಂತ ಮೊದಲು ನೋಡೋಣ. ನಮ್ಮಲ್ಲಿ ಚಿರತೆ ಕರು ಹೊತ್ತೊಯ್ದರೆ ಅರಣ್ಯ ಇಲಾಖೆಯವರು ಬಂದು ಮಹಜರು ಮಾಡುತ್ತಾರಲ್ವಾ, ಅಲ್ಲೂ ಹಾಗೇ. ರಾಜ್ಯದ ವನ್ಯಜೀವಿ ಇಲಾಖೆಯ ಅಧಿಕಾರಿ ಬರುತ್ತಾರೆ. ಅವರು ಬರುವ ತನಕ ಹೆಣದ ಮೇಲೆ ಟಾರ್ಪಾಲು ಹೊದಿಸಿ, ನಾಯಿ ಮುಟ್ಟದ ಹಾಗೆ, ಸುತ್ತಲಿನ ಹೆಜ್ಜೆ ಗುರುತು ಅಳಿಯದ ಹಾಗೆ ಕಾಯಬೇಕು. ಅಧಿಕಾರಿ ಚಾಕು ತೆಗೆದು ಚರ್ಮ ಸುಲಿಯುತ್ತಾರೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಉತ್ತರ ಇರುವುದು ಚರ್ಮದ ಒಳಗೆ. ಜೀವ ಇದ್ದಾಗ ಕಚ್ಚಿದ್ದರೆ ಹಲ್ಲು ಇಳಿದ ಕಡೆ ರಕ್ತ ಹೆಪ್ಪುಗಟ್ಟಿ, ಮಾಂಸ ಕಡುಕೆಂಪಾಗಿ ಜಜ್ಜಿ ಹೋಗಿರುತ್ತದೆ. ಸತ್ತ ಮೇಲೆ ಬಂದು ತಿಂದಿದ್ದರೆ ಆ ಗಾಯದ ಸುತ್ತ ರಕ್ತ ಇರುವುದಿಲ್ಲ. ಹಿಂಗಾಲಿನ ತೊಡೆ, ಪಕ್ಕೆ, ಇಲ್ಲೆಲ್ಲ ಹುಡುಕಿ, ಕೋರೆಹಲ್ಲಿನ ಎರಡು ತೂತುಗಳ ನಡುವಿನ ಅಂತರ ಅಳೆಯುತ್ತಾರೆ. ಅದು ತೋಳದ್ದೋ, ಕಯೋಟಿ ಅನ್ನುವ ನರಿಯಂಥ ಕಾಡುಪ್ರಾಣಿಯದ್ದೋ, ಊರ ನಾಯಿಯದ್ದೋ ಅಂತ ತೀರ್ಮಾನ ಆಗುವುದು ಹೀಗೆ.

ಆದರೆ ಇಷ್ಟಕ್ಕೆಲ್ಲ ಹೆಣ ಬೇಕು. ಕೊಲರಾಡೊದ ದನ ಬೇಸಿಗೆಯಲ್ಲಿ ಮನೆ ಹತ್ತಿರ ಇರುವುದಿಲ್ಲ. ಹಿಮ ಕರಗಿದ ಮೇಲೆ ಮಂದೆಯನ್ನು ಬೆಟ್ಟಕ್ಕೆ ಅಟ್ಟುತ್ತಾರೆ. ಆ ಬೆಟ್ಟ ಬಹುಪಾಲು ಕೇಂದ್ರ ಸರ್ಕಾರದ ಕಾಡು. ಪರ್ಮಿಟ್ ಪಡೆದು ಮೇಯಿಸುತ್ತಾರೆ. ನಮ್ಮ ಗೋಮಾಳ ಇದ್ದ ಹಾಗೆ ಅನ್ನಿ, ಆದರೆ ಒಬ್ಬೊಬ್ಬರ ಪಾಲಿಗೂ ಸಾವಿರಾರು ಎಕರೆ. ಸಂಜೆ ಹಟ್ಟಿಗೆ ಹೊಡೆದುಕೊಂಡು ಬಂದು ಎಣಿಸುವ ಪದ್ಧತಿ ಇಲ್ಲ. ಎಳೆ ಕರು ಸತ್ತರೆ ಕರಡಿ, ಕಯೋಟಿ, ಕಾಗೆ, ಹದ್ದು ಸೇರಿ ಒಂದೆರಡು ದಿನದಲ್ಲಿ ಮುಗಿಸಿಬಿಡುತ್ತವೆ. ಶರತ್ಕಾಲದಲ್ಲಿ ಮಂದೆ ಕೆಳಗಿಳಿದಾಗಲೇ ಗೊತ್ತಾಗುವುದು. ಹಸು ಬರುತ್ತದೆ, ಕರು ಇಲ್ಲ. ಕೆಚ್ಚಲು ಬತ್ತಿ ಹೋಗಿರುತ್ತದೆ. ಕರು ಎಂದು ಸತ್ತಿತು, ಹೇಗೆ ಸತ್ತಿತು ಅಂತ ಹೇಳುವವರು ಯಾರೂ ಇಲ್ಲ.

ಇಡಾಹೊ ರಾಜ್ಯದ ಕಾಡುಮೇಡಿನ ಒಂದು ಪ್ರದೇಶದಲ್ಲಿ ಸಂಶೋಧಕರು ಕರುಗಳಿಗೆ ರೇಡಿಯೋ ಕಟ್ಟಿ ಇದನ್ನೇ ಪರೀಕ್ಷೆ ಮಾಡಿದರು. 2003ರಲ್ಲಿ ಅದರ ಫಲಿತಾಂಶ ಬಂತು. ತೋಳ ಕೊಂದದ್ದು ಅಂತ ದನದವರ ಕಣ್ಣಿಗೆ ಬಿದ್ದ ಒಂದೊಂದು ಕರುವಿಗೆ, ಕಣ್ಣಿಗೆ ಬೀಳದೇ ಹೋದವು ಎಂಟರ ತನಕ ಇರಬಹುದು ಅಂತ. ಎಲ್ಲ ಜಾಗಕ್ಕೂ ಈ ಲೆಕ್ಕ ಹೊಂದುವುದಿಲ್ಲ. ಬಯಲಲ್ಲಿ ಹೆಣ ಬೇಗ ಸಿಗುತ್ತದೆ, ದಟ್ಟ ಕಾಡಲ್ಲಿ ಸಿಗುವುದಿಲ್ಲ. ಪಕ್ಕದ ವಯೋಮಿಂಗ್ ರಾಜ್ಯ ಇದನ್ನು ಒಪ್ಪಿಕೊಂಡು, ತೋಳಗಳಿರುವ ಮುಖ್ಯ ಪ್ರದೇಶದಲ್ಲಿ ಒಂದು ಕರುವಿನ ಹೆಣ ಸಿಕ್ಕರೆ ಏಳರ ತನಕ ಲೆಕ್ಕ ಹಿಡಿದು ಪರಿಹಾರ ಕೊಡುತ್ತದೆ.

ಇನ್ನು ಸಾಯದೇ ಉಳಿದ ದನದ ಕಥೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಅಲ್ಲಿ ಕರು ಮಾರುವುದು ತೂಕದ ಮೇಲೆ. ಮೊಂಟಾನಾ ರಾಜ್ಯದ ಪಶ್ಚಿಮ ಭಾಗದ 18 ರಾಂಚ್‌ಗಳ, ಅಂದರೆ ದನ ಸಾಕುವ ದೊಡ್ಡ ಜಮೀನುಗಳ, ಲೆಕ್ಕಪುಸ್ತಕ ನೋಡಿ ಮಾಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತೋಳ ಒಂದು ಕರುವನ್ನಾದರೂ ಕೊಂದಿದ್ದ ರಾಂಚ್‌ನಲ್ಲಿ ಉಳಿದ ಕರುಗಳ ತೂಕ ಸರಾಸರಿ 22 ಪೌಂಡ್, ಅಂದರೆ ಸುಮಾರು 10 ಕಿಲೋ ಕಡಿಮೆ ಬಂತು. ಬೆದರಿದ ದನ ನೆಮ್ಮದಿಯಾಗಿ ಮೇಯುವುದಿಲ್ಲ. ಗುಂಪು ಕಟ್ಟಿ ನಿಲ್ಲುತ್ತದೆ, ಓಡುತ್ತದೆ, ಒಳ್ಳೆ ಹುಲ್ಲಿರುವ ಕಣಿವೆಗೆ ಇಳಿಯಲು ಹೆದರುತ್ತದೆ. ಇನ್ನೂರು ಕರು ಮಾರುವ ಒಂದು ಸಂಸಾರ ಅಂದುಕೊಳ್ಳಿ. ಒಟ್ಟು 4,400 ಪೌಂಡ್ ಹೋಯಿತು. ಪೌಂಡಿಗೆ ಮೂರು ಡಾಲರ್ ಹಿಡಿದರೂ 13,200 ಡಾಲರ್. ಸತ್ತ ಒಂದು ಕರುವಿನ ಬೆಲೆ ಇದರ ಮುಂದೆ ಸಣ್ಣದು.

ಅದೇ ಅಧ್ಯಯನ ಇನ್ನೊಂದು ಮಾತೂ ಹೇಳಿತು, ಅದನ್ನು ಬಿಟ್ಟರೆ ಮೋಸ ಆಗುತ್ತದೆ. ಸುತ್ತಮುತ್ತ ತೋಳ ಸುಮ್ನೆ ಓಡಾಡಿಕೊಂಡಿದ್ದರೆ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ದಾಳಿ ನಡೆದ ರಾಂಚ್‌ನಲ್ಲಿ ಮಾತ್ರ ಕಂಡಿತು. ತೋಳ ಇದ್ದ ಕಡೆಯೆಲ್ಲ ನಷ್ಟ ಅನ್ನುವುದು ಸರಿಯಲ್ಲ. ಮೊಂಟಾನಾದಲ್ಲಿ ಸುಮಾರು 1,100 ತೋಳಗಳಿವೆ, ದನಗಳು 20 ಲಕ್ಷದ ಮೇಲಿವೆ. ತೋಳ ಕೊಂದದ್ದು ಅಂತ ಖಚಿತವಾಗುವ ದನಗಳ ಸಂಖ್ಯೆ ಇಡೀ ರಾಜ್ಯಕ್ಕೆ ತೀರಾ ಚಿಕ್ಕದು. ರೋಗ, ಚಳಿ, ಈಯುವಾಗಿನ ತೊಂದರೆ, ಇವುಗಳಿಂದ ಸಾಯುವುದೇ ಎಷ್ಟೋ ಪಾಲು ಜಾಸ್ತಿ. ಹಾಗಂತ ಆ ನಷ್ಟ ಎಲ್ಲರಿಗೂ ಸಮನಾಗಿ ಹಂಚಿ ಹೋಗುವುದಿಲ್ಲ. ನೂರು ಜನ ದನದವರು ಇದ್ದಾರೆ ಅಂದುಕೊಳ್ಳಿ, ತೊಂಬತ್ತೈದು ಜನರಿಗೆ ಏನೂ ಆಗುವುದಿಲ್ಲ. ಉಳಿದ ಐದು ಜನರಿಗೆ ಅದೇ ಬೆಟ್ಟದಲ್ಲಿ ವರ್ಷವರ್ಷವೂ ಆಗುತ್ತದೆ. ರಾಜ್ಯದ ಸರಾಸರಿ ತೋರಿಸಿ ಆ ಐದು ಜನರ ಬಾಯಿ ಮುಚ್ಚಿಸಲು ಹೋದರೆ ಅವರಿಗೆ ಸಿಟ್ಟು ಬರದೆ ಇರುತ್ತದಾ?

ಕೊಲರಾಡೊ ಸರ್ಕಾರ ಇದನ್ನು ಸ್ವಲ್ಪ ಅರ್ಥ ಮಾಡಿಕೊಂಡಿದೆ. ಕಾಣೆಯಾದ ಕರು, ಕಡಿಮೆಯಾದ ತೂಕ, ಗಬ್ಬ ಕಟ್ಟದ ಹಸು, ಇವಕ್ಕೂ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶ ಇದೆ. 2025ರ ಮಾರ್ಚ್‌ನಲ್ಲಿ ಗ್ರ್ಯಾಂಡ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಇಬ್ಬರು ದನದವರಿಗೆ ಸೇರಿ ಸುಮಾರು 3.4 ಲಕ್ಷ ಡಾಲರ್ ಮಂಜೂರಾಯಿತು. ಇದಕ್ಕಾಗಿ ಶಾಸಕರು ಎತ್ತಿಟ್ಟಿದ್ದ ನಿಧಿ ವರ್ಷಕ್ಕೆ 3.5 ಲಕ್ಷ. ಎರಡೇ ಅರ್ಜಿಗೆ ಒಂದು ವರ್ಷದ ನಿಧಿಯಷ್ಟು ದುಡ್ಡು ಹೋಯಿತು. ಅದನ್ನು ಪಡೆಯಲು ಹಿಂದಿನ ವರ್ಷಗಳ ತೂಕದ ಚೀಟಿ, ಲಸಿಕೆಯ ದಾಖಲೆ, ಗಬ್ಬದ ಲೆಕ್ಕ ಎಲ್ಲ ಕೊಡಬೇಕು. ಬೆಳಗ್ಗೆ ನಾಲ್ಕಕ್ಕೆ ಎದ್ದು ದನ ನೋಡಿಕೊಳ್ಳುವವರು, ರಾತ್ರಿ ಕಾವಲು ಕಾದು ಬಂದು, ಮೇಜಿನ ಮುಂದೆ ಕೂತು ಆ ಕಾಗದ ತುಂಬಿಸಬೇಕು. ನಿದ್ದೆಗೆಟ್ಟ ರಾತ್ರಿಗಳಿಗೆ ಯಾವ ನಮೂನೆಯಲ್ಲೂ ಜಾಗ ಇಲ್ಲ.

ಇದೆಲ್ಲ ದುಡ್ಡಿನ ಮಾತಾಯಿತು. ಸಿಟ್ಟಿನ ಇನ್ನೊಂದು ಬೇರು 2020ರ ನವೆಂಬರ್‌ನಲ್ಲಿದೆ. ತೋಳಗಳನ್ನು ವಾಪಸ್ ತರಬೇಕೋ ಬೇಡವೋ ಅಂತ ಕೊಲರಾಡೊ ಜನರ ಮುಂದೆ ಮತಕ್ಕಿಟ್ಟರು. ಪ್ರೊಪೊಸಿಷನ್ 114 ಅಂತ ಅದರ ಹೆಸರು. 31 ಲಕ್ಷಕ್ಕೂ ಹೆಚ್ಚು ಮತ ಬಿತ್ತು, ಗೆದ್ದದ್ದು 57,000 ಮತಗಳ ಅಂತರದಲ್ಲಿ. ಹೌದು ಅಂದವರು ಹೆಚ್ಚಾಗಿ ಡೆನ್ವರ್, ಬೌಲ್ಡರ್ ಕಡೆಯ ನಗರದವರು. ತೋಳ ಬಿಡಬೇಕಾದದ್ದು ಪರ್ವತದ ಆಚೆ, ಪಶ್ಚಿಮದ ಇಳಿಜಾರಿನಲ್ಲಿ. ಅಲ್ಲಿನ ಹೆಚ್ಚಿನ ಕೌಂಟಿಗಳು ಬೇಡ ಅಂದಿದ್ದವು. ನಮ್ಮ ಹಿತ್ತಲಿಗೆ ಏನು ಬರಬೇಕು ಅಂತ ಇನ್ನೊಂದು ಊರಿನವರು ತೀರ್ಮಾನ ಮಾಡಿದರು ಅನ್ನುವ ನೋವು ಅಲ್ಲಿಂದ ಶುರುವಾಯಿತು. ನಗರದವರ ವಾದದಲ್ಲೂ ಹುರುಳಿದೆ. ಆ ಕಾಡು ಇಡೀ ದೇಶದ ಆಸ್ತಿ. ಬಹುಮಾನ ಕೊಟ್ಟು, ವಿಷ ಇಟ್ಟು ತೋಳಗಳನ್ನು ನಾಶ ಮಾಡಿದ್ದೂ ಸರ್ಕಾರವೇ. ಕೊಲರಾಡೊದ ಹಳೆಯ ಸಂತತಿಯ ಕೊನೆಯ ತೋಳಗಳು 1940ರ ದಶಕದಲ್ಲಿ ಸತ್ತವು. ಮಾಡಿದ ತಪ್ಪನ್ನು ಸರಿ ಮಾಡಬೇಕು ಅನ್ನುವುದು ನ್ಯಾಯದ ಮಾತೇ.

2023ರ ಡಿಸೆಂಬರ್ 18ರಂದು ಒರೆಗಾನ್ ರಾಜ್ಯದಿಂದ ತಂದ ಐದು ತೋಳಗಳನ್ನು ಗ್ರ್ಯಾಂಡ್ ಕೌಂಟಿಯಲ್ಲಿ ಬಿಟ್ಟರು. ಅದೇ ವಾರ ಇನ್ನೂ ಐದು. ಬಿಡುವ ಜಾಗವನ್ನು ಮೊದಲೇ ಹೇಳಿರಲಿಲ್ಲ. ತಂದ ತೋಳಗಳಲ್ಲಿ ಕೆಲವು ಹಿಂದೆ ದನ ಕೊಂದ ಗುಂಪಿನಿಂದ ಬಂದವು ಅನ್ನುವುದು ಆಮೇಲೆ ಬಯಲಾಯಿತು. 2024ರ ಏಪ್ರಿಲ್‌ನಲ್ಲಿ ಮೊದಲ ಕರು ಸತ್ತಿತು. ಕಾಪರ್ ಕ್ರೀಕ್ ಅಂತ ಹೆಸರಾದ ಒಂದು ಜೋಡಿ ಮರಿ ಹಾಕಿ, ಆ ಬೇಸಿಗೆಯಿಡೀ ಅದೇ ಸುತ್ತಿನ ದನ, ಕುರಿಗಳ ಮೇಲೆ ಬಿತ್ತು. ಗಂಡು ತೋಳವನ್ನು ಕೊಲ್ಲಲು ಅನುಮತಿ ಕೊಡಿ ಅಂತ ದನದವರು ಕೇಳಿದರು, ಇಲಾಖೆ ಕೊಡಲಿಲ್ಲ. ಕೊನೆಗೆ ಆ ಜೋಡಿಯನ್ನೂ ನಾಲ್ಕು ಮರಿಗಳನ್ನೂ ಹಿಡಿದರು. ಗಂಡು ಕೆಲವೇ ದಿನದಲ್ಲಿ ಸತ್ತಿತು. ಅದಕ್ಕೆ ಯಾರೋ ಗುಂಡು ಹೊಡೆದಿದ್ದರು ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. 2025ರ ಜನವರಿಯಲ್ಲಿ ತಾಯಿಯನ್ನೂ ಮರಿಗಳನ್ನೂ ಬೇರೆ ಕಣಿವೆಗೆ ಬಿಟ್ಟರು. ಮೇ ತಿಂಗಳ ಹೊತ್ತಿಗೆ ಅಲ್ಲೂ ದನ ಸತ್ತವು. ಆ ಗುಂಪಿನ ಒಂದು ಎಳೆಯ ಗಂಡನ್ನು ಇಲಾಖೆಯೇ ಗುಂಡಿಟ್ಟು ಕೊಂದಿತು. ಈ ಕಥೆಯಲ್ಲಿ ತೋಳಕ್ಕೂ ನ್ಯಾಯ ಸಿಗಲಿಲ್ಲ, ದನದವರಿಗೂ ಸಿಗಲಿಲ್ಲ. ಮೊದಲ ಬೇಸಿಗೆಯಲ್ಲೇ ಸರಿಯಾದ ಕಾವಲು ಹಾಕಿದ್ದರೆ ಎರಡೂ ಕಡೆ ಜೀವ ಉಳಿಯುತ್ತಿದ್ದವೇನೋ ಅಂತ ನನಗೆ ಪದೇ ಪದೇ ಅನಿಸುತ್ತದೆ.

ಬೇಟೆಗಾರರ ಮಾತು ಬೇರೆ. ಅವರ ಚಿಂತೆ ಎಲ್ಕ್ ಬಗ್ಗೆ. ನಮ್ಮ ಕಡವೆಯ ಬಳಗದ, ಅದಕ್ಕಿಂತಲೂ ದೊಡ್ಡ ಜಿಂಕೆ ಅದು. ಎಲ್ಕ್ ಯಾರ ಆಸ್ತಿಯೂ ಅಲ್ಲ, ಹಾಗಾಗಿ ಅದು ಕಡಿಮೆಯಾದರೆ ಪರಿಹಾರ ಅನ್ನುವ ಮಾತೇ ಹುಟ್ಟುವುದಿಲ್ಲ. ಅವರು ಯೆಲ್ಲೊಸ್ಟೋನ್ ಅನ್ನುವ ರಾಷ್ಟ್ರೀಯ ಉದ್ಯಾನದ ಕಡೆ ಬೆರಳು ತೋರಿಸುತ್ತಾರೆ. 1995 ಮತ್ತು 96ರಲ್ಲಿ ಅಲ್ಲಿಗೆ ಕೆನಡಾದಿಂದ 31 ತೋಳ ತಂದು ಬಿಟ್ಟರು. ಉತ್ತರ ಭಾಗದ ಎಲ್ಕ್ ಹಿಂಡು ಸುಮಾರು 19,000 ಇದ್ದದ್ದು 2013ರ ಹೊತ್ತಿಗೆ 4,000ಕ್ಕೆ ಇಳಿಯಿತು. ಅಂಕಿ ನಿಜ. ಆದರೆ ಅದೇ ವರ್ಷಗಳಲ್ಲಿ ಕರಡಿ ಹೆಚ್ಚಾಯಿತು, ಪ್ಯೂಮಾ ಅನ್ನುವ ದೊಡ್ಡ ಕಾಡುಬೆಕ್ಕು ಹೆಚ್ಚಾಯಿತು, ಬರ ಬಂತು, ಪಾರ್ಕಿನ ಗಡಿ ದಾಟಿದ ಹೆಣ್ಣು ಎಲ್ಕ್‌ಗಳನ್ನು ಮನುಷ್ಯರೂ ಸಾಕಷ್ಟು ಹೊಡೆದರು. ತೋಳವೊಂದರ ತಲೆಗೇ ಎಲ್ಲ ಕಟ್ಟುವುದು ತಪ್ಪು. ತೋಳ ಬಂದಿದ್ದರಿಂದ ನದಿ, ಗಿಡ, ಮರ ಎಲ್ಲ ಮೊದಲಿನ ಹಾಗಾಯಿತು ಅಂತ ಇನ್ನೊಂದು ಕಡೆಯವರು ಹೇಳುವ ಕಥೆಯೂ ಅಷ್ಟು ಸಲೀಸಲ್ಲ. ಇಪ್ಪತ್ತು ವರ್ಷ ಅಲ್ಲಿನ ವಿಲೋ ಗಿಡಗಳನ್ನು ಅಳೆದ ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯವರಿಗೆ ಚೇತರಿಕೆ ಕಂಡದ್ದು ಸ್ವಲ್ಪವೇ.

ಹಾಗಾದರೆ ಪರಿಹಾರವೇ ಬೇಡವಾ? ಬೇಕು. ಕೊಡುವ ರೀತಿ ಬದಲಾಗಬೇಕು. ಸ್ವೀಡನ್‌ನಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರಿಗೆ ವುಲ್ವರೀನ್ ಅನ್ನುವ, ಬೇಟೆಯಾಡುವ ಕಾಡುಪ್ರಾಣಿಯ ಕಾಟ ಇತ್ತು. 1996ರಿಂದ ಅಲ್ಲಿನ ಸರ್ಕಾರ ಸತ್ತ ಹಿಮಸಾರಂಗ ಎಣಿಸುವುದನ್ನು ಬಿಟ್ಟಿತು. ಅದರ ಬದಲು, ಸಾಮಿ ಹಳ್ಳಿಯ ಮೇವಿನ ಸರಹದ್ದಿನಲ್ಲಿ ವುಲ್ವರೀನ್ ಮರಿ ಹಾಕಿದರೆ ಆ ಹಳ್ಳಿಗೇ ದುಡ್ಡು. ಹೆಣ ಹುಡುಕಬೇಕಿಲ್ಲ, ಚರ್ಮ ಸುಲಿಯಬೇಕಿಲ್ಲ, ಯಾರನ್ನೂ ನಂಬಿಸಬೇಕಿಲ್ಲ. ನಷ್ಟ ತಪ್ಪಿಸಿಕೊಂಡರೆ ಆ ದುಡ್ಡೂ ಉಳಿಯುತ್ತದೆ, ಹಿಮಸಾರಂಗವೂ ಉಳಿಯುತ್ತದೆ. ವುಲ್ವರೀನ್‌ಗಳೂ ಹೆಚ್ಚಾದವು. ತೋಳ ಗುಂಪಾಗಿ ದೂರದೂರ ಅಲೆಯುವ ಪ್ರಾಣಿ, ಇದೇ ಪದ್ಧತಿಯನ್ನು ಹಾಗೇ ಎತ್ತಿ ತಂದರೆ ಆಗುವುದಿಲ್ಲ. ಆದರೆ ಸಾವಿಗೆ ಬೆಲೆ ಕಟ್ಟುವ ಬದಲು ಜೊತೆಗೆ ಬದುಕುವುದಕ್ಕೆ ಸಂಬಳ ಕೊಡುವ ಆ ಯೋಚನೆ ಕೊಲರಾಡೊಗೆ ಬೇಕು. ಮತ ಹಾಕಿದವರು ಅದರ ಖರ್ಚನ್ನೂ ಹೊರಬೇಕು.

ಅದರ ಮೊದಲ ಗುರುತುಗಳು ಕಾಣುತ್ತಿವೆ. ಕೊಲರಾಡೊದಲ್ಲಿ ತೋಳದ ಚಿತ್ರದ ಕಾರ್ ನಂಬರ್ ಪ್ಲೇಟ್ ಸಿಗುತ್ತದೆ. ಅದಕ್ಕೆ ಕಟ್ಟುವ ವಿಶೇಷ ಶುಲ್ಕ, ತೋಳವನ್ನು ಕೊಲ್ಲದೆ ದೂರ ಇಡುವ ಕೆಲಸಕ್ಕೆ ಹೋಗುತ್ತದೆ. ಹಗ್ಗಕ್ಕೆ ಸಾಲಾಗಿ ಕಟ್ಟಿದ ಕೆಂಪು ಬಟ್ಟೆ ಚೂರುಗಳು ಅದರಲ್ಲಿ ಒಂದು. ಗಾಳಿಗೆ ಅವು ಪಟಪಟ ಅಂದರೆ ತೋಳ ದಾಟಲು ಹಿಂಜರಿಯುತ್ತದೆ, ಕೆಲವು ವಾರ ಮಾತ್ರ. ಆಮೇಲೆ ರೂಢಿಯಾಗಿಬಿಡುತ್ತದೆ. ಅದಕ್ಕಿಂತ ಜಾಸ್ತಿ ದಿನ ಕೆಲಸಕ್ಕೆ ಬರುವುದು ಮಂದೆಯ ಜೊತೆ ಇರುವ ಮನುಷ್ಯ. 2025ರಲ್ಲಿ ರಾಜ್ಯ ಸರ್ಕಾರ ಸಂಬಳ ಕೊಟ್ಟು ಕಾವಲು ಸವಾರರನ್ನು ನೇಮಿಸಿತು. ಬೆಟ್ಟದ ಮೇಲೆ ಕುದುರೆ ಏರಿ ಅವರು ಮಂದೆ ಸುತ್ತುತ್ತಾರೆ. ಕುಂಟುವ ದನ ಯಾವುದು, ಚದುರಿ ಹೋದ ಕರು ಯಾವುದು ಅಂತ ನೋಡುತ್ತಾರೆ. ಸತ್ತದ್ದು ಕಂಡರೆ ಕಯೋಟಿ ಬರುವ ಮೊದಲೇ ರಾಂಚ್‌ನವರಿಗೆ ಸುದ್ದಿ ಮುಟ್ಟಿಸುತ್ತಾರೆ. ನಮ್ಮ ಕುರುಬರು ಮಂದೆ ಜೊತೆಗೇ ಮಲಗಿ, ನಾಯಿ ಕಟ್ಟಿಕೊಂಡು ಮಾಡುತ್ತಾ ಬಂದ ಕೆಲಸ ಇದೇ ಅಲ್ವಾ.